ಕುದ್ರಿನ ಹೆಂಗಸರಿಗೆ ಮುಳುಗುವುದು, ಈಟಿ ಹಿಡಿಯುವುದು ಕಲಿಸಬೇಕು: ಎಲ್ಲಿಂದ ಶುರು ಮಾಡುವುದು?

ಕುದ್ರುಮನೆ:

ಹತ್ತು ಮಂದಿ ಹೆಂಗಸರ ತಂಡ ಉಂಟು. ಆರು ಜನ ಕಾಸರಗೋಡಿನ ಕುಂಬಳೆ, ಮೊಗ್ರಾಲ್, ಶಿರಿಯಾ ಹೊಳೆಬದಿಯ ಕುದ್ರುಗಳವರು (ಕುದ್ರು ಎಂದರೆ ಹೊಳೆಯ ನಡುಗಡ್ಡೆ), ನಾಲ್ವರು ವಲಿಯಪರಂಬ ದ್ವೀಪದವರು. ವಯಸ್ಸು 19ರಿಂದ 44. ಪಚ್ಚಿಲೆ ಚಿಪ್ಪಿನ ಕೃಷಿಗೆ ಹಗ್ಗ ಕಟ್ಟುವುದು, ಮರುವಾಯಿ ಚಿಪ್ಪು ಹೆಕ್ಕುವುದು ಎಲ್ಲರಿಗೂ ಗೊತ್ತು, ಎದೆಮಟ್ಟ ನೀರೆಂದರೆ ಭಯ ಇಲ್ಲ. ಏಳು ಮಂದಿಗೆ ಈಜು ಬರ್ತದೆ, ಆದರೆ ಎಲ್ಲರೂ ತಲೆ ಮೇಲೆತ್ತಿಯೇ ಈಜುವವರು. ಮುಖ ಮುಳುಗಿಸಿ ಕಣ್ಣು ಬಿಟ್ಟು ನೋಡಿದವರು ಯಾರೂ ಇಲ್ಲ.

ಉಸಿರು ಹಿಡಿದು ಮುಳುಗಿ ಕಡಲಿನ ತಳ ನೋಡುವುದು, ಆಮೇಲೆ ಆಸಕ್ತಿ ಇದ್ದವರಿಗೆ ಈಟಿಯಲ್ಲಿ ಮೀನು ಹಿಡಿಯುವುದು, ಇದು ಯೋಜನೆ. ಸ್ಕೂಬಾ ಬೇಡ, ಸಿಲಿಂಡರ್ ಬೇಡ. ನನ್ನ ಪ್ರಶ್ನೆಗಳು: ಯಾವುದು ಮೊದಲು, ಯಾವುದು ಆಮೇಲೆ? ಬಟ್ಟೆಯ ವಿಷಯ ಏನು ಮಾಡುವುದು, ಮೈಮುಚ್ಚುವ ಉಡುಪು ಬೇಕು ಎನ್ನುವವರೇ ಹೆಚ್ಚು. ಈಟಿ ಕೋಲಿನದ್ದಾ, ರಬ್ಬರ್ ಎಳೆದು ಹಾರಿಸುವ ಬಂದೂಕಿನದ್ದಾ? ನಮ್ಮ ಕಡಲಲ್ಲಿ ಯಾವ ತಿಂಗಳು? "ಹೋಗಿ, ಧೈರ್ಯ ಮಾಡಿ" ಎಂಬ ಉತ್ತರ ಬೇಡ, ಅದು ಅವರಿಗೆ ಧಾರಾಳ ಉಂಟು.

ನೀರುಕಾಗೆ:

ಈಟಿಯನ್ನು ಮೂರು ತಿಂಗಳು ಮರೆತುಬಿಡಿ. ಕೈಯಲ್ಲಿ ಈಟಿ ಬಂದ ಕೂಡಲೇ ಕಣ್ಣು ಮೀನಿನ ಮೇಲೆ ಹೋಗ್ತದೆ. ಕಿವಿ, ಹೊತ್ತು, ಜತೆಗಾತಿ ಮೂರೂ ಮರೆತುಹೋಗ್ತದೆ. ಉಸಿರು ಹಿಡಿದು ಮುಳುಗುವವರು ಸಾಯುವುದು ಹೆಚ್ಚಾಗಿ ಹೀಗೆಯೇ, "ಇನ್ನೊಂದು ಕ್ಷಣ, ಈಗ ಸಿಗ್ತದೆ" ಎನ್ನುವಲ್ಲಿ.

ಮೊದಲ ಎರಡು ವಾರ ಮಾಸ್ಕ್ (ಕಣ್ಣು, ಮೂಗು ಮುಚ್ಚುವ ಗಾಜು), ಸ್ನಾರ್ಕೆಲ್ (ಉಸಿರಿನ ಕೊಳವೆ) ಮಾತ್ರ. ಸೊಂಟಮಟ್ಟ ನೀರಿನಲ್ಲಿ ಮುಖ ಮುಳುಗಿಸಿ ಹತ್ತು ನಿಮಿಷ ಸುಮ್ಮನೆ ಉಸಿರಾಡುವುದು. ಬೇಸರ ಬರ್ತದೆ, ಬರಲಿ. ತಲೆ ಎತ್ತಿ ಈಜಿ ಅಭ್ಯಾಸವಾದವರಿಗೆ ಕುತ್ತಿಗೆಯ ಬಿಗಿತ ಸಡಿಲವಾಗಲಿಕ್ಕೇ ಅಷ್ಟು ದಿನ ಬೇಕು. ಸ್ನಾರ್ಕೆಲಿಗೆ ನೀರು ನುಗ್ಗಿದಾಗ "ಠೂ" ಎಂದು ಒಂದೇ ಊದಿಗೆ ಹೊರಹಾಕುವುದು, ಮಾಸ್ಕಿಗೆ ನೀರು ಬಂದರೆ ಮೇಲಿನ ಅಂಚನ್ನು ಹಣೆಗೆ ಒತ್ತಿ ಮೂಗಿನಲ್ಲಿ ಊದಿ ಖಾಲಿ ಮಾಡುವುದು: ಇವೆರಡು ಕೈಬಾಯಿ ಪಾಠವಾಗದೆ ಮುಂದೆ ಹೋಗಬೇಡಿ. ಮುಳುಗುವಾಗ ಸ್ನಾರ್ಕೆಲ್ ಬಾಯಿಯಿಂದ ತೆಗೆಯಬೇಕು. ಪ್ರಜ್ಞೆ ತಪ್ಪಿದರೆ ಅದು ನೇರ ಗಂಟಲಿಗೆ ನೀರು ಬಿಡುವ ಕೊಳವೆ.

ಈಜು ಬಾರದ ಆ ಮೂವರನ್ನು ಹೊರಗಿಡಬೇಡಿ, ಆದರೆ 200 ಮೀಟರ್ ನಿಲ್ಲದೆ ಈಜುವುದು, 10 ನಿಮಿಷ ಕೈಕಾಲಾಡಿಸಿ ತೇಲುವುದು ಬರುವ ತನಕ ಅವರಿಗೆ ಮುಳುಗುವ ಪಾಠ ಇಲ್ಲ.

ಆಮೇಲೆ ಕಿವಿ. ಇಳಿಯುವಾಗ ನೀರು ತಮಟೆಯನ್ನು ಒಳಕ್ಕೆ ಒತ್ತುತ್ತದೆ, ಒಳಗಿನಿಂದ ಗಾಳಿ ಕೊಟ್ಟು ಸಮ ಮಾಡಬೇಕು, ಕಿವಿ ಬಿಡಿಸುವುದು ಎಂದರೆ ಇದು. ಇಲ್ಲಿಯೇ ಅರ್ಧ ಮಂದಿ ಬಿಟ್ಟುಹೋಗುವುದು, ಮತ್ತೆ ಇಲ್ಲಿಯೇ ತಪ್ಪು ಕಲಿಸುವವರೂ ಹೆಚ್ಚು. ಮೂಗು ಹಿಡಿದು ಎದೆಯಿಂದ ಜೋರಾಗಿ ಊದುವುದು ನೆಟ್ಟಗೆ ನಿಂತಾಗ ಸಾಕಾಗ್ತದೆ. ತಲೆಕೆಳಗಾಗಿ ಇಳಿಯುವಾಗ ಐದಾರು ಮೀಟರಿಗೇ ಕೈಕೊಡ್ತದೆ. ಬೇಕಾದ್ದು ಫ್ರೆಂಜೆಲ್ ಎಂಬ ವಿಧಾನ. ನೆಲದ ಮೇಲೆ ಕೂತು ಕಲಿಸಿ. ಮೂಗು ಹಿಡಿಯಿರಿ, ಭಾರ ಎತ್ತುವಾಗಿನ ಹಾಗೆ ಗಂಟಲು ಬಿಗಿಯಿರಿ, ನಾಲಗೆಯ ತುದಿ "ತ್" ಎನ್ನುವಾಗಿನ ಜಾಗದಲ್ಲಿರಲಿ, ಈಗ ನಾಲಗೆಯ ಹಿಂಭಾಗವನ್ನು "ಕ್" ಎನ್ನಲಿಕ್ಕೆ ಹೊರಟ ಹಾಗೆ ಮೇಲಕ್ಕೆ ಒತ್ತಿ. ಬಾಯೊಳಗಿನ ಗಾಳಿ ಪಂಪಿನ ಹಾಗೆ ಕಿವಿಗೆ ಹೋಗಿ "ಟಿಕ್" ಎನ್ನಬೇಕು. ಸರಿ ಆಯಿತಾ ಎಂದು ನೋಡಲಿಕ್ಕೆ ಇನ್ನೊಂದು ಕೈ ಹೊಟ್ಟೆಯ ಮೇಲಿಡಿ. ಹೊಟ್ಟೆ ಗಟ್ಟಿಯಾದರೆ ಹಳೆಯ ವಿಧಾನ, ಹೊಟ್ಟೆ ಅಲ್ಲಾಡದೆ ಮೂಗಿನ ಹೊಳ್ಳೆ ಮಾತ್ರ ಉಬ್ಬಿದರೆ ಫ್ರೆಂಜೆಲ್. ದಿನಕ್ಕೆ ನೂರು ಸಲ, ಅಡುಗೆ ಮಾಡುತ್ತಲೇ ಮಾಡಬಹುದು.

ನೀರಿನಲ್ಲಿ ನಿಯಮ ಒಂದೇ: ನೋವು ಬರುವ ಮೊದಲೇ ಕಿವಿ ಬಿಡಿಸಬೇಕು. ಮುಳುಗುವ ಮುನ್ನ ಒಮ್ಮೆ, ಆಮೇಲೆ ಮೊದಲ ಐದು ಮೀಟರಿನಲ್ಲಿ ಮೀಟರಿಗೊಂದು ಸಲವಾದರೂ. ಬಿಡಲಿಲ್ಲವಾ, ಒತ್ತಾಯ ಮಾಡದೆ ಮೇಲೆ ಬನ್ನಿ. ತಮಟೆ ಹರಿಯಲಿಕ್ಕೆ ಆಳ ಬೇಡ, ಮೂರು ಮೀಟರಿನಲ್ಲೂ ಹರಿಯಬಹುದು. ಒಳಕ್ಕೆ ತಣ್ಣೀರು ನುಗ್ಗಿ ತಲೆ ತಿರುಗಿ ಮೇಲೆ ಯಾವುದು ಕೆಳಗೆ ಯಾವುದು ತಿಳಿಯದು. ಶೀತ ಇದ್ದ ದಿನ ನೀರಿಗೆ ಇಳಿಯುವುದು ಬೇಡ, ಮಾತ್ರೆ ತಿಂದು ಇಳಿಯುವುದಂತೂ ಬೇಡವೇ ಬೇಡ. ಕೆಳಗಿರುವಾಗ ಮಾತ್ರೆಯ ಪ್ರಭಾವ ಇಳಿದರೆ ಮೇಲೆ ಬರುವಾಗ ಗಾಳಿ ಹೊರಗೆ ಬರಲಾರದೆ ಸಿಕ್ಕಿಕೊಳ್ತದೆ.

ಈಜುಗನ್ನಡಕ ಹಾಕಿ ಮುಳುಗಲಿಕ್ಕೆ ಬಿಡಬೇಡಿ. ಮೂಗು ಹೊರಗಿರುವ ಕಾರಣ ಅದರೊಳಗೆ ಗಾಳಿ ತುಂಬುವ ದಾರಿಯೇ ಇಲ್ಲ, ಕಣ್ಣಿನ ರಕ್ತನಾಳ ಒಡೆದು ಬಿಳಿಭಾಗ ಕೆಂಪಾಗ್ತದೆ. ಇಡೀ ಮುಖ ಮುಚ್ಚುವ ಹೊಸ ನಮೂನೆಯ ಮಾಸ್ಕೂ ಬೇಡ. ಅದರಲ್ಲಿ ಮೂಗು ಹಿಡಿಯಲಿಕ್ಕೆ ಆಗುವುದಿಲ್ಲ, ಬಿಟ್ಟ ಉಸಿರೂ ಒಳಗೇ ಸುತ್ತುವ ಸಾಧ್ಯತೆ ಉಂಟು.

ಇನ್ನು ಪ್ರಜ್ಞೆ ತಪ್ಪುವ ವಿಷಯ. ಇದನ್ನು ಲೆಕ್ಕ ಹಾಕಿಯೇ ತೋರಿಸಬೇಕು, "ಜಾಗ್ರತೆ" ಎಂದರೆ ಯಾರಿಗೂ ತಾಗುವುದಿಲ್ಲ. 10 ಮೀಟರ್ ಆಳದಲ್ಲಿ ಒತ್ತಡ ಮೇಲಿನದ್ದರ ಎರಡು ಪಟ್ಟು. ಶ್ವಾಸಕೋಶದ ಗಾಳಿಯಲ್ಲಿ ಆಮ್ಲಜನಕ ಶೇಕಡಾ 7ಕ್ಕೆ ಇಳಿದಿದೆ ಎಂದಿಟ್ಟುಕೊಳ್ಳಿ. ಆಳದಲ್ಲಿ ಅದರ ಪಾಲಿನ ಒತ್ತಡ 0.14 ಬಾರ್, ಮಿದುಳಿಗೆ ಸಾಕು, ಹಾಯಾಗಿಯೇ ಇರ್ತದೆ. ಅದೇ ಗಾಳಿಯೊಂದಿಗೆ ಮೇಲೆ ಬಂದರೆ ಅದು 0.07. ದೀಪ ಆರಿದ ಹಾಗೆ ಪ್ರಜ್ಞೆ ಹೋಗ್ತದೆ, ಮುನ್ಸೂಚನೆ ಇಲ್ಲ. ಹಾಗಾಗಿಯೇ ಅಪಾಯದ ಜಾಗ ತಳ ಅಲ್ಲ. ಕೊನೆಯ ಕೆಲವು ಮೀಟರ್ ಮತ್ತೆ ಮೇಲೆ ಬಂದ ನಂತರದ ಅರ್ಧ ನಿಮಿಷ.

"ಉಸಿರು ಬೇಕು" ಎಂದು ದೇಹ ಕೂಗುವುದು ಆಮ್ಲಜನಕ ಕಡಿಮೆಯಾದ್ದಕ್ಕಲ್ಲ, ಇಂಗಾಲದ ಡೈಆಕ್ಸೈಡ್ ಹೆಚ್ಚಾದ್ದಕ್ಕೆ. ಮುಳುಗುವ ಮುನ್ನ ಗಬಗಬನೆ ಹತ್ತಿಪ್ಪತ್ತು ಉಸಿರು ಎಳೆದು ಬಿಟ್ಟರೆ ಆಮ್ಲಜನಕ ಹೆಚ್ಚಾಗುವುದು ಅಷ್ಟಕ್ಕಷ್ಟೇ, ಇಂಗಾಲದ ಡೈಆಕ್ಸೈಡ್ ಮಾತ್ರ ಇಳೀತದೆ. ಅಂದರೆ ಗಂಟೆ ಬಾರಿಸುವವನನ್ನೇ ಓಡಿಸಿದ ಹಾಗೆ. ಎರಡು ನಿಮಿಷ ಸಹಜವಾಗಿ ಉಸಿರಾಡಿ, ಕೊನೆಗೆ ಒಂದು ಆಳದ ಉಸಿರು, ಅಷ್ಟೇ.

ಲೆಕ್ಕ ಹೀಗಿರಲಿ: ಮೊದಲ ಎರಡು ತಿಂಗಳು ಆಳ 5 ಮೀಟರ್ ಮೀರಬಾರದು, ಒಂದು ಮುಳುಗು 40 ಸೆಕೆಂಡ್ ಮೀರಬಾರದು, ಮಧ್ಯೆ ವಿಶ್ರಾಂತಿ ಮುಳುಗಿದ ಹೊತ್ತಿನ ಎರಡು ಪಟ್ಟಾದರೂ ಇರಬೇಕು, 40 ಸೆಕೆಂಡಿಗೂ ಎರಡು ನಿಮಿಷ ಕೊಟ್ಟರೆ ಒಳ್ಳೆಯದು. ಮತ್ತೆ ಎಲ್ಲಕ್ಕಿಂತ ಮುಖ್ಯವಾದ್ದು, ಒಬ್ಬಳು ಕೆಳಗೆ, ಒಬ್ಬಳು ಮೇಲೆ. ಇಬ್ಬರೂ ಒಟ್ಟಿಗೆ ಮುಳುಗುವುದಲ್ಲ. ಮೇಲಿದ್ದವಳ ಕೆಲಸ ಮೀನು ನೋಡುವುದಲ್ಲ, ಕೆಳಗಿನವಳನ್ನು ನೋಡುವುದು. ಅವಳು ಮೇಲೆ ಬಂದ ನಂತರ 30 ಸೆಕೆಂಡ್ ಮುಖ ನೋಡುತ್ತಲೇ ಇರುವುದು. ಬಂದವಳು ಉಸಿರನ್ನು ಉಫ್ ಎಂದು ಪೂರ್ತಿ ಬಿಡುವುದಲ್ಲ. ಸ್ವಲ್ಪ ಬಿಟ್ಟು ಬೇಗ ಎಳೆದು ಒಂದು ಕ್ಷಣ ಬಿಗಿಹಿಡಿದು, ಹೀಗೆ ಮೂರು ನಾಲ್ಕು ಸಲ.

ಪ್ರಜ್ಞೆ ತಪ್ಪಿದರೆ: ಅವಳ ಸೊಂಟದ ಭಾರ (ಮುಳುಗಲಿಕ್ಕೆ ಕಟ್ಟಿಕೊಂಡ ತೂಕದ ಪಟ್ಟಿ) ಬಿಚ್ಚಿ ಕೆಳಗೆ ಬಿಡಿ, ಗಲ್ಲ ಮತ್ತು ತಲೆ ಹಿಡಿದು ಬಾಯಿ ಮುಚ್ಚಿಕೊಂಡೇ ಮೇಲೆ ತನ್ನಿ, ಮುಖ ಮೇಲಾಗಿಸಿ, ಮಾಸ್ಕ್ ತೆಗೆಯಿರಿ, ಕಣ್ಣಿನ ಕೆಳಗೆ ಊದಿ, ಕೆನ್ನೆ ತಟ್ಟಿ, ಹೆಸರು ಹಿಡಿದು "ಉಸಿರಾಡು" ಎಂದು ಕೂಗಿ. ಬಹಳ ಮಂದಿ ಇಷ್ಟಕ್ಕೇ ಎಚ್ಚರಾಗ್ತಾರೆ. ಹತ್ತು ಸೆಕೆಂಡಿನಲ್ಲಿ ಉಸಿರು ಬಾರದಿದ್ದರೆ ಬಾಯಿಗೆ ಬಾಯಿ ಇಟ್ಟು ಎರಡು ಉಸಿರು ಕೊಟ್ಟು ದಡಕ್ಕೆ ಎಳೆಯಿರಿ. ಎಚ್ಚರಾದರೂ ಆ ದಿನ ಮತ್ತೆ ನೀರಿಗಿಳಿಯುವ ಮಾತಿಲ್ಲ, ನೀರು ಕುಡಿದಿದ್ದರೆ ಆಸ್ಪತ್ರೆ. ಇದನ್ನು ಪ್ರತಿ ಪಾಠದ ಕೊನೆಯಲ್ಲಿ ಪ್ರತಿ ಜೋಡಿಯೂ ಒಮ್ಮೆ ನಾಟಕ ಮಾಡಿ ತೋರಿಸಬೇಕು.

ಹತ್ತರಲ್ಲಿ ಇಬ್ಬರಾದರೂ ಮಾನ್ಯತೆ ಇರುವ ಫ್ರೀಡೈವಿಂಗ್ (ಉಸಿರು ಹಿಡಿದು ಮುಳುಗುವ) ಕೋರ್ಸ್ ಮಾಡಿ ಬರಲಿ. ನಾನು ಇಲ್ಲಿ ಬರೆದದ್ದು ಓದಿ ಕಲಿಸಲಿಕ್ಕೆ ಹೊರಡಬೇಡಿ.

ಪಡುಗಡಲು:

ಮೇಲಿನ ಉತ್ತರಕ್ಕೆ ತಕರಾರಿಲ್ಲ. ಆದರೆ ಅದೆಲ್ಲ ಕಣ್ಣಿಗೆ ಕಾಣುವ ನೀರಿನ ಮಾತು. ನಮ್ಮದು ಹವಾಯಿ ಅಲ್ಲ, ಲಕ್ಷದ್ವೀಪವೂ ಅಲ್ಲ. ಮಂಜೇಶ್ವರದಿಂದ ತೃಕ್ಕರಿಪುರದವರೆಗೆ ಹೆಚ್ಚಿನದ್ದೆಲ್ಲ ಮರಳಿನ ದಡ, ಸಾಲಾಗಿ ಹೊಳೆಗಳು ಬೇರೆ: ಉಪ್ಪಳ, ಶಿರಿಯಾ, ಮೊಗ್ರಾಲ್, ಚಂದ್ರಗಿರಿ, ನೀಲೇಶ್ವರ. ಮಳೆಗಾಲದಲ್ಲಿ ಇವು ತರುವ ಕೆಸರು ಇಳಿಯಲಿಕ್ಕೇ ತಿಂಗಳು ಬೇಕು. ಜೂನಿನಿಂದ ಸೆಪ್ಟೆಂಬರ್ ಬಿಟ್ಟೇ ಬಿಡಿ. ಅಕ್ಟೋಬರಿನಲ್ಲಿ ಅಭ್ಯಾಸ ಕೆರೆಯಲ್ಲಿ, ಡಿಸೆಂಬರಿನಿಂದ ಫೆಬ್ರವರಿ ಕಡಲಲ್ಲಿ. ಅದೂ ಬೆಳಿಗ್ಗೆ ಏಳರಿಂದ ಹತ್ತರ ಒಳಗೆ, ಕಡಲಗಾಳಿ ಏಳುವ ಮೊದಲು.

ಒಂದು ನಿಯಮ ಗಟ್ಟಿಯಾಗಿ ಹಿಡಿದುಕೊಳ್ಳಿ: ನೀರಿನೊಳಗೆ ನೋಟ ಎಷ್ಟು ಮೀಟರೋ ಆಳ ಅದಕ್ಕಿಂತ ಹೆಚ್ಚಿರಬಾರದು. ನೋಟ ಮೂರು ಮೀಟರ್, ತಳ ಐದು ಮೀಟರ್ ಎಂದಾದರೆ ಮೇಲಿದ್ದವಳಿಗೆ ಕೆಳಗಿದ್ದವಳು ಕಾಣುವುದಿಲ್ಲ. ಆಗ "ಒಬ್ಬಳು ಕೆಳಗೆ ಒಬ್ಬಳು ಮೇಲೆ" ಎಂಬುದು ಬರೀ ಬಾಯಿಮಾತು. ಅಳೆಯುವುದು ಸುಲಭ. ಬಿಳಿ ತಟ್ಟೆಗೆ ಮೀಟರಿಗೊಂದು ಗಂಟು ಹಾಕಿದ ಹಗ್ಗ, ಸ್ವಲ್ಪ ಭಾರ ಕಟ್ಟಿ ಇಳಿಸಿ, ತಟ್ಟೆ ಕಾಣದಾದಾಗ ನೀರಿನೊಳಗೆ ಹೋದ ಗಂಟು ಎಣಿಸಿ.

ಅಳಿವೆಯ ಬಾಯಲ್ಲಿ ಪಾಠ ಮಾಡಬೇಡಿ. ಇಳಿತದ ಹೊತ್ತು ಹೊಳೆಯ ನೀರೂ ಹಿನ್ನೀರೂ ಒಟ್ಟಾಗಿ ಹೊರಗೆ ಎಳೀತದೆ, ಫಿನ್ (ಕಾಲಿಗೆ ಹಾಕುವ ಈಜುರೆಕ್ಕೆ) ಇದ್ದರೂ ಎದುರು ಈಜಲಿಕ್ಕೆ ಆಗುವುದಿಲ್ಲ. ಹಿನ್ನೀರಿನ ಒಳಗಾದರೆ ಭರತದ ಕೊನೆಯ ಒಂದು ಗಂಟೆ ಒಳ್ಳೆಯದು. ಕಡಲಿನ ತಿಳಿನೀರು ಒಳಗೆ ಬಂದಿರ್ತದೆ, ಸೆಳೆತ ನಿಂತಿರ್ತದೆ. ಬಂಡೆ ಬೇಕಾದರೆ ಬೇಕಲ, ಕೋಟಿಕುಳಂ, ತೃಕ್ಕನ್ನಾಡು ಕಡೆ ನೋಡಿ. ಆದರೆ ಬಂಡೆ ಇದ್ದಲ್ಲಿ ಅಲೆ ಒಡೀತದೆ. ಪಚ್ಚಿಲೆ ತೆಗೆಯುವವರ ಕೈಮೈ ನೋಡಿದವರಿಗೆ ಹೇಳಬೇಕಾಗಿಲ್ಲ, ಚಿಪ್ಪಿನ ಅಂಚು ಬ್ಲೇಡಿನ ಹಾಗೆ.

ಹೊರಡುವ ಹಿಂದಿನ ಸಂಜೆ ಕೇಂದ್ರ ಸರಕಾರದ ಸಾಗರ ಮಾಹಿತಿ ಸಂಸ್ಥೆ ಇನ್‌ಕಾಯಿಸ್‌ನ ಕಡಲ ಮುನ್ಸೂಚನೆ ನೋಡುವ ಅಭ್ಯಾಸ ಒಬ್ಬಳಿಗೆ ವಹಿಸಿ. ಅಲೆಯ ಎತ್ತರ ಮಾತ್ರ ನೋಡಿದರೆ ಸಾಲದು, ಎರಡು ಅಲೆಗಳ ನಡುವಿನ ಸೆಕೆಂಡ್ ನೋಡಬೇಕು. ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಎದ್ದ ಅಲೆ ದಿನಗಟ್ಟಲೆ ನಡೆದು ಇಲ್ಲಿ ಗಾಳಿಯೇ ಇಲ್ಲದ ದಿನ ದಡಕ್ಕೆ ಅಪ್ಪಳಿಸ್ತದೆ. ಕೇರಳದಲ್ಲಿ ಕಳ್ಳಕ್ಕಡಲ್ ಎನ್ನುವುದು ಇದನ್ನೇ, ಕಳ್ಳನ ಹಾಗೆ ಬರುವ ಕಡಲು. ಏಪ್ರಿಲ್, ಮೇ ತಿಂಗಳಲ್ಲಿ ಇದರ ಕಾಟ ಜಾಸ್ತಿ.

ಇನ್ನೊಂದು. ಕರಾವಳಿ ಪೊಲೀಸ್ ಠಾಣೆಗೂ ಹತ್ತಿರದ ಮತ್ಸ್ಯಭವನಕ್ಕೂ (ಮೀನುಗಾರಿಕೆ ಇಲಾಖೆಯ ಕಚೇರಿ) ದಿನ, ಹೊತ್ತು, ಜಾಗ, ಎಷ್ಟು ಜನ ಎಂದು ಮೊದಲೇ ಬರೆದು ಕೊಡಿ. ತೀರರಕ್ಷಣಾ ಪಡೆಯ ತುರ್ತು ಸಂಖ್ಯೆ 1554 ಎಲ್ಲರ ಫೋನಿನಲ್ಲೂ ಇರಲಿ. ದೋಣಿಯವರಿಗೆ ಕಾಣುವ ಹಾಗೆ ಕಿತ್ತಳೆ ಬಣ್ಣದ ತೇಲುಬುರುಡೆ, ಮೇಲೆ ಬಾವುಟ, ಜೋಡಿಗೊಂದು. ಮುಳುಗಿದವಳು ಬುರುಡೆಯ ಹತ್ತಿರವೇ ಮೇಲೆ ಬರಬೇಕು, ಎಲ್ಲೆಂದರಲ್ಲಿ ತಲೆ ಎತ್ತಿದರೆ ಫೈಬರ್ ದೋಣಿಯ ಪ್ರೊಪೆಲರಿಗೆ ಸಿಗುವುದು.

ಹೊಲಿಗೆಪೆಟ್ಟಿಗೆ:

ಬಟ್ಟೆಯ ಬಗ್ಗೆ ನಾನು ಹೇಳ್ತೇನೆ, ಇದನ್ನು ಯಾರೂ ಸರಿಯಾಗಿ ಬರೆಯುವುದಿಲ್ಲ.

ಚೂಡಿದಾರ್, ನೈಟಿ, ಶಾಲು ಹಾಕಿ ನೀರಿಗಿಳಿಸಬೇಡಿ. ನಾಚಿಕೆ, ಮರ್ಯಾದೆಯ ಮಾತಲ್ಲ ಇದು. ಹತ್ತಿ ಬಟ್ಟೆ ನೀರು ಕುಡಿದು ಕಾಲಿಗೆ ಸುತ್ತಿ ಎಳೀತದೆ, ಶಾಲು ಈಟಿಗೂ ಹಗ್ಗಕ್ಕೂ ಸಿಕ್ಕಿಕೊಳ್ತದೆ. ಇಲ್ಲಿನ ನೀರು 27ರಿಂದ 30 ಡಿಗ್ರಿ, ದಪ್ಪ ವೆಟ್‌ಸೂಟ್ ಬೇಡವೇ ಬೇಡ. ಕುತ್ತಿಗೆಯಿಂದ ಕಾಲಿನ ಹರಡಿನವರೆಗೆ ಹಿಗ್ಗುವ ಲೈಕ್ರಾ ಬಟ್ಟೆ ಸಾಕು. ಬಿಸಿಲು, ಅಂಬಲಿ ಮೀನಿನ (ಜೆಲ್ಲಿ ಮೀನು) ತುರಿಕೆ, ಬಂಡೆಯ ತರಚು ಮೂರಕ್ಕೂ ತಡೆ. ಮೈಮುಚ್ಚುವ ಉಡುಪು ಬೇಕೆನ್ನುವವರ ಬೇಡಿಕೆಯೂ ಈಜಿನ ಬೇಡಿಕೆಯೂ ಇಲ್ಲಿ ಒಂದೇ. ಮೇಲೆ ತೊಡೆಯವರೆಗೆ ಬರುವ ಅಂಗಿ ಬೇಕೆಂದರೆ ಅದೂ ಲೈಕ್ರಾದಲ್ಲಿ, ಅಂಚಿನ ಒಳಗಡೆ ಎರಡು ಲೂಪ್ ಹೊಲಿದು ಲೆಗ್ಗಿಂಗಿನ ಗುಂಡಿಗೆ ಸಿಕ್ಕಿಸಿ. ಇಲ್ಲದಿದ್ದರೆ ತಲೆಕೆಳಗಾದ ಕೂಡಲೇ ಅಂಗಿ ಕೊಡೆಯಂತೆ ಮುಖಕ್ಕೆ ಬರ್ತದೆ. ತಲೆಗೆ ಲೈಕ್ರಾದ್ದೇ ಹುಡ್; ಆದರೆ ಮಾಸ್ಕಿನ ಅಂಚಿನ ಅಡಿಯಲ್ಲಿ ಬಟ್ಟೆ ಬರಬಾರದು, ಬಂದರೆ ನೀರು ಸೋರ್ತದೆ.

ಊರಿನ ಟೈಲರಿಗೇ ಹೊಲಿಯಲಿಕ್ಕೆ ಕೊಡಬಹುದು. ಶೇಕಡಾ 80 ನೈಲಾನ್, 20 ಸ್ಪ್ಯಾಂಡೆಕ್ಸ್, ನಾಲ್ಕೂ ಕಡೆ ಹಿಗ್ಗುವ ಬಟ್ಟೆ. ಮೈಯಳತೆಗಿಂತ ಸುತ್ತಳತೆಯಲ್ಲಿ ಶೇಕಡಾ 10ರಷ್ಟು ಕಡಿಮೆ ಕತ್ತರಿಸಬೇಕು, ಸಡಿಲವಾದರೆ ನೀರು ತುಂಬಿ ಚೀಲ ಆಗ್ತದೆ. ಸ್ಟ್ರೆಚ್ ಸೂಜಿ 75 ನಂಬರಿನದ್ದು, ಓವರ್‌ಲಾಕ್ ಇಲ್ಲವೇ ಸಣ್ಣ ಜಿಗ್‌ಜಾಗ್ ಹೊಲಿಗೆ. ನೇರ ಹೊಲಿಗೆ ಹಾಕಿದರೆ ಮೊದಲ ದಿನವೇ ಪಟಪಟ ಬಿಚ್ಚಿಕೊಳ್ತದೆ, ಬಟ್ಟೆ ಹಿಗ್ಗುವಾಗ ನೂಲು ಹಿಗ್ಗುವುದಿಲ್ಲವಲ್ಲ. ಬಣ್ಣ ಮಾತ್ರ ತಲೆಯ ಹತ್ತಿರ ಗಾಢ ಕಿತ್ತಳೆಯೋ ಹಳದಿಯೋ ಇರಲಿ, ಮೇಲಿದ್ದವಳಿಗೆ ಕಾಣಬೇಕು.

ತಲೆಗೆ ತೆಂಗಿನೆಣ್ಣೆ ಹಚ್ಚಿ ಬರುವ ದಿನ ಮಾಸ್ಕ್ ಜಾರ್ತದೆ. ಜಡೆ ಕೆಳಗೆ, ಕುತ್ತಿಗೆಯ ಹತ್ತಿರ ಹೆಣೆದುಕೊಳ್ಳಿ. ಮಾಸ್ಕಿನ ರಬ್ಬರ್ ಪಟ್ಟಿಗೆ ಬಟ್ಟೆಯ ತೋಳು ಹಾಕಿದರೆ ಕೂದಲು ಕಿತ್ತುಬರುವುದಿಲ್ಲ. ಬಳೆ, ಜುಮ್ಕಿ ತೆಗೆದಿಡಿ. ಕರಿಮಣಿ ತೆಗೆಯಲಿಕ್ಕೆ ಮನಸ್ಸಿಲ್ಲದಿದ್ದರೆ ಲೈಕ್ರಾದ ಒಳಗೆ, ಹೊರಗೆ ನೇತಾಡಬಾರದು. ಮೂಗುತಿ ಮಾಸ್ಕಿಗೆ ತೊಂದರೆ ಇಲ್ಲ, ಆದರೆ ಕಿವಿ ಬಿಡಿಸಲಿಕ್ಕೆ ಮೂಗು ಹಿಂಡುವಾಗ ಒಳಗಿನ ತಿರುಪು ಚುಚ್ಚುತ್ತದೆ. ನೋವಿಗೆ ಹೆದರಿ ಅರ್ಧ ಹಿಂಡಿದರೆ ಕಿವಿ ಬಿಡುವುದಿಲ್ಲ, ಕಾರಣ ಗೊತ್ತಾಗದೆ "ನನ್ನಿಂದ ಆಗದು" ಎನ್ನುತ್ತಾರೆ. ಚಪ್ಪಟೆ ತಳದ ಸಣ್ಣದ್ದು ಹಾಕಲಿ.

ಮಾಸ್ಕ್ ಆರಿಸುವಾಗ ಪಟ್ಟಿ ಹಾಕದೆ ಮುಖಕ್ಕಿಟ್ಟು ಮೂಗಿನಲ್ಲಿ ಸ್ವಲ್ಪ ಎಳೆಯಿರಿ. ಕೈ ಬಿಟ್ಟರೂ ಬೀಳದಿದ್ದರೆ ಅದು ನಿಮ್ಮ ಮಾಸ್ಕ್. ಒಳಗಿನ ಗಾಳಿಯ ಜಾಗ ಕಡಿಮೆ ಇರುವುದು ಬೇಕು. ಹೊಸದಾದರೆ ಗಾಜಿನ ಒಳಬದಿಗೆ ಬಿಳಿ ಟೂತ್‌ಪೇಸ್ಟ್ ಹಚ್ಚಿ ಎರಡು ಮೂರು ಸಲ ಉಜ್ಜಿ ತೊಳೆಯಿರಿ, ತಯಾರಿಕೆಯ ಪದರ ಹೋಗುವ ತನಕ ಮಂಜು ಕಟ್ಟುವುದು ನಿಲ್ಲುವುದಿಲ್ಲ. ಆಮೇಲೆ ಉಗುಳೇ ಸಾಕು. ಫಿನ್ ಹೆಚ್ಚಿನವು ಗಂಡಸರ ಕಾಲಿನ ಅಳತೆಗೆ ಬರುವುದು. ಸಣ್ಣ ಕಾಲಿಗೆ 3 ಮಿಲಿಮೀಟರ್ ನಿಯೋಪ್ರೀನ್ ಸಾಕ್ಸ್ ಹಾಕಿದರೆ ಒಂದು ಸೈಜ್ ತುಂಬ್ತದೆ. ಗಟ್ಟಿ ಬ್ಲೇಡ್ ಬೇಡ, ಮೆದು ಪ್ಲಾಸ್ಟಿಕ್ ಸಾಕು. ಇಲ್ಲದಿದ್ದರೆ ಮೀನಖಂಡದಲ್ಲಿ ಸೆಳೆತ.

ಸೀದಾಗುರಿ:

ಈಟಿ ಕೋಲಿನಲ್ಲಿ ಹೊಸಬರಿಗೆ ಮೀನೇ ಸಿಗುವುದಿಲ್ಲ, ಎರಡು ದಿನದಲ್ಲಿ ಉತ್ಸಾಹ ಇಳಿದುಹೋಗ್ತದೆ. 75 ಸೆಂಟಿಮೀಟರಿನ ಸಣ್ಣ ಬಂದೂಕು ಕೊಡಿ. ಗುರಿ ಸುಲಭ.

ನೀರುಕಾಗೆ:

ಗುರಿ ಸುಲಭ, ಹೌದು. ಅಪಾಯವೂ ಅಷ್ಟೇ ಸುಲಭ. ನೋಟ ಮೂರು ನಾಲ್ಕು ಮೀಟರಿನ ನೀರಿನಲ್ಲಿ ಮೂರು ಮೀಟರ್ ಹೋಗುವ ಬಾಣ ಹಿಡಿದರೆ ಮೀನಿನ ಹಿಂದೆ ಏನಿದೆ, ಯಾರಿದ್ದಾರೆ ಕಾಣುವುದಿಲ್ಲ. ಅದೂ ಅಲ್ಲದೆ ಬಂದೂಕಿನ ಹಿಡಿಯನ್ನು ಎದೆಗೆ ಒತ್ತಿ 16 ಮಿಲಿಮೀಟರ್ ರಬ್ಬರನ್ನು ಎರಡೂ ಕೈಯಿಂದ ಸಮನಾಗಿ ಎಳೆಯಬೇಕು. ಹಿಡಿ ಕೂರುವ ಜಾಗ ಹೆಂಗಸರಿಗೆ ನೋವಿನದ್ದು, ಎದೆಗೆ ಪ್ಯಾಡ್ ಇಲ್ಲದೆ ಆಗದು. ಒಂದು ಕೈ ಜಾರಿದರೆ ಬೆರಳು ಹೋಯಿತು.

ಕೋಲಿನ ಈಟಿ ಆರರಿಂದ ಏಳು ಅಡಿ, ಫೈಬರ್‌ಗ್ಲಾಸ್ ಅಥವಾ ಅಲ್ಯೂಮಿನಿಯಂ. ಹಿಂತುದಿಯ ರಬ್ಬರ್ ಕುಣಿಕೆಯನ್ನು ಹೆಬ್ಬೆರಳು ತೋರುಬೆರಳ ನಡುವಿನ ಕವೆಗೆ ಹಾಕಿ, ಕೈಯನ್ನು ಕೋಲಿನುದ್ದಕ್ಕೂ ಮುಂದಕ್ಕೆ ತಂದು ಬಿಗಿಹಿಡಿದರೆ ಸಜ್ಜಾಯಿತು. ಹಿಡಿತ ಸಡಿಲಿಸಿದರೆ ಹಾರ್ತದೆ. ಕೈಯ ಶಕ್ತಿಗೆ ತಕ್ಕ ಹಾಗೆ ಎಳೆಯಬಹುದು ಎನ್ನುವುದೇ ಇದರ ಒಳ್ಳೆಯ ಗುಣ. ಕುಣಿಕೆಯ ಸಡಿಲ ಉದ್ದ ಕೋಲಿನ ಮೂರನೇ ಒಂದು ಭಾಗದ ಆಸುಪಾಸು ಇರಲಿ. ತುಂಬ ಗಿಡ್ಡವಾದರೆ ಎಳೆಯಲಾಗದು, ಉದ್ದವಾದರೆ ಬಿರುಸು ಇಲ್ಲ. ಎಳೆದು ಹಿಡಿದುಕೊಂಡೇ ಈಜಬಾರದು, ಮುಂಗೈ ಸೋತು ತಾನಾಗಿಯೇ ಬಿಟ್ಟುಹೋಗ್ತದೆ. ಮೀನು ಎದುರು ಬಂದ ಮೇಲೆ ಎಳೆಯಿರಿ. ತಾಗುವ ದೂರ ತುದಿಯಿಂದ ಒಂದು ಮೀಟರ್, ಅದಕ್ಕಿಂತ ಹೆಚ್ಚು ನಂಬಬೇಡಿ. ಸಣ್ಣ ಮೀನಿಗೆ ಮೂರು ಮುಳ್ಳಿನ ತುದಿ. ಬಂಡೆಗೆ ತಾಗಿದರೆ ಮುಳ್ಳು ಬಾಗ್ತದೆ, ಬಿಲದೊಳಗೆ ಹೊಡೆಯಬೇಡಿ. ನೀರಿನ ಹೊರಗೆ ಎಳೆಯುವುದಿಲ್ಲ, ಯಾರತ್ತಲೂ ತುದಿ ತಿರುಗಿಸುವುದಿಲ್ಲ, ದಡದಲ್ಲಿ ತುದಿಗೆ ಮುಚ್ಚಳ. ಅಭ್ಯಾಸಕ್ಕೆ ಕೆರೆಯಲ್ಲಿ ತೆಂಗಿನ ಸಿಪ್ಪೆಯನ್ನು ಕಲ್ಲಿಗೆ ಕಟ್ಟಿ ಇಳಿಸಿ, ನೂರು ಹೊಡೆತ.

ಮೀನನ್ನು ಬೆನ್ನಟ್ಟಿದರೆ ಕೋಲೂ ಬೇಡ ಬಂದೂಕೂ ಬೇಡ, ಯಾವುದರಲ್ಲೂ ಸಿಗದು. ತಳದಲ್ಲಿ ಮರಳು ಎಬ್ಬಿಸದೆ ಮಲಗಿದರೆ ನೋಡಲಿಕ್ಕೆ ಅದೇ ಬರ್ತದೆ. ಹಿಡಿದದ್ದನ್ನು ಸೊಂಟಕ್ಕೆ ಕಟ್ಟಿಕೊಳ್ಳಬೇಡಿ, ತೇಲುಬುರುಡೆಗೆ. ಈಟಿಯ ಹಗ್ಗವೂ ಬುರುಡೆಗೆ, ಮೈಗಲ್ಲ.

ಭಾರದ ಬಗ್ಗೆ ಮರೆತಿದ್ದೆ. ಇದರಲ್ಲಿ ಹಿನ್ನೀರಿನವರಿಗೆ ಒಂದು ವಿಶೇಷ ಬೋನು ಉಂಟು. ಕಡಲ ನೀರು ಸಿಹಿನೀರಿಗಿಂತ ಶೇಕಡಾ 2.5ರಷ್ಟು ಭಾರ, 60 ಕಿಲೋ ಹೆಂಗಸಿಗೆ ಕೆರೆಗೂ ಕಡಲಿಗೂ ಒಂದೂವರೆ ಕಿಲೋ ವ್ಯತ್ಯಾಸ. ಹಿನ್ನೀರು ಮಳೆ ಮುಗಿದಾಗ ಸಿಹಿ, ಮಾರ್ಚಿನ ಹೊತ್ತಿಗೆ ಉಪ್ಪು. ಹಾಗಾಗಿ ಮಾರ್ಚಿನಲ್ಲಿ ಸರಿ ಇದ್ದ ಪಟ್ಟಿಯನ್ನೇ ಅಕ್ಟೋಬರಿನಲ್ಲಿ ಕಟ್ಟಿಕೊಂಡರೆ ಕಲ್ಲಿನ ಹಾಗೆ ಇಳೀತಾರೆ. ಪ್ರತಿ ದಿನವೂ ಪರೀಕ್ಷೆ: ಉಸಿರು ಬಿಟ್ಟು ನೆಟ್ಟಗೆ ಸುಮ್ಮನೆ ನಿಂತರೂ ತೇಲುತ್ತಲೇ ಇರಬೇಕು. ಶೂನ್ಯದಿಂದ ಶುರು, ಅರ್ಧ ಅರ್ಧ ಕಿಲೋ ಸೇರಿಸಿ. ರಬ್ಬರ್ ಪಟ್ಟಿ, ಒಂದೇ ಕೈಯಲ್ಲಿ ಎಳೆದರೆ ಬಿಚ್ಚುವ ಬಕ್ಕಲ್, ಸೊಂಟದ ಮೂಳೆಯ ಮೇಲೆ. ಹೊಟ್ಟೆಯ ಮೇಲೆ ಕಟ್ಟಿದರೆ ಉಸಿರು ತುಂಬುವುದಿಲ್ಲ.

ಕುದ್ರುಮನೆ:

ಇಷ್ಟು ವಿವರಕ್ಕೆ ಉಪಕಾರ. ಎರಡು ವಿಷಯ ಬಾಕಿ. ಮುಟ್ಟಿನ ದಿನ ಏನು? ಮತ್ತೆ ಮನೆಯ ಹಿರಿಯರ ಮಾತು, "ಮುಳುಗುವುದು ಗಂಡಸರ ಕೆಲಸ" ಎಂದು.

ತೆಂಕಣಗಾಳಿ:

ಮುಟ್ಟಿಗೆ ತಡೆ ಇಲ್ಲ. ಪ್ಯಾಡ್ ನೀರಿನಲ್ಲಿ ಕೆಲಸಕ್ಕೆ ಬಾರದು, ಕಪ್ ಒಳ್ಳೆಯದು. ನೋವು, ಸುಸ್ತು ಇದ್ದರೆ ಅವತ್ತು ಮೇಲೆ ನಿಂತು ಕಾವಲು. ನಿಜವಾಗಿ ನೋಡಬೇಕಾದ್ದು ರಕ್ತಹೀನತೆ. ಆಮ್ಲಜನಕ ಹೊರುವುದು ಹಿಮೋಗ್ಲೋಬಿನ್. ಅದು 12 ಗ್ರಾಮಿಗಿಂತ ಕೆಳಗಿದ್ದವರು ಮೊದಲು ಅದನ್ನು ಸರಿ ಮಾಡಿಕೊಳ್ಳಲಿ. ಹತ್ತೂ ಮಂದಿಯ ಪರೀಕ್ಷೆ ಒಂದೇ ದಿನ ಮಾಡಿಸಿ. ಗರ್ಭಿಣಿಯರು, ಅಪಸ್ಮಾರ ಇರುವವರು ಮುಳುಗಬಾರದು. ದಮ್ಮು, ಹಿಂದೆ ಕಿವಿ ಸೋರಿದವರು ಡಾಕ್ಟರ ಒಪ್ಪಿಗೆ ತರಲಿ.

ಹಿರಿಯರಿಗೆ ಕೊರಿಯಾದ ಜೇಜು ದ್ವೀಪದ ಹೆನ್ಯೊಗಳನ್ನು ತೋರಿಸಿ. ಅಲ್ಲಿ ಮುಳುಗುವುದೇ ಹೆಂಗಸರ ಕೆಲಸ. ಸಿಲಿಂಡರ್ ಇಲ್ಲದೆ ಹತ್ತು ಮೀಟರ್ ಇಳಿದು ಅಬಲೋನಿ, ಶಂಖ ತರುವವರಲ್ಲಿ ಎಪ್ಪತ್ತು ದಾಟಿದವರೇ ಬಹಳ. ಅವರ ಈ ಸಂಸ್ಕೃತಿ 2016ರಲ್ಲಿ ಯುನೆಸ್ಕೊದ ಪರಂಪರೆಯ ಪಟ್ಟಿಗೆ ಸೇರಿತು. ಅವರಿಂದ ಕಲಿಯಬೇಕಾದ್ದು ಧೈರ್ಯವಲ್ಲ, ವ್ಯವಸ್ಥೆ. ಮೂರು ದರ್ಜೆ: ಹಗುನ್, ಚುಂಗುನ್, ಸಂಗುನ್. ಹಗುನ್ ಆದವಳು ದಡದ ಹತ್ತಿರದ ಆಳವಿಲ್ಲದ ನೀರು ಬಿಟ್ಟು ಹೋಗುವ ಹಾಗಿಲ್ಲ, ಎಷ್ಟೇ ಉಸಿರು ಇರಲಿ. ಇಂದು ಇಳಿಯಬೇಕೋ ಬೇಡವೋ ಎಂದು ಕಡಲು ನೋಡಿ ಹೇಳುವವರು ಸಂಗುನ್. ನಿಮ್ಮ ಹತ್ತು ಮಂದಿಗೂ ಇದನ್ನೇ ಮಾಡಿ, 3 ಮೀಟರ್, 5 ಮೀಟರ್, 8 ಮೀಟರ್ ಎಂದು.

ಅಷ್ಟು ದೂರ ಯಾಕೆ ಎಂದರೆ ಪಾಂಬನ್ ದ್ವೀಪ ಉಂಟು, ತಮಿಳುನಾಡಿನದ್ದೇ. ಮನ್ನಾರ್ ಕೊಲ್ಲಿಯಲ್ಲಿ ಹೆಂಗಸರು ತಲೆಮಾರುಗಳಿಂದ ಕಡಲಪಾಚಿಗಾಗಿ ಮುಳುಗ್ತಾರೆ. ಸೀರೆಯ ಮೇಲೆ ಗಂಡಸರ ಅಂಗಿ, ಕಾಲಿಗೆ ರಬ್ಬರ್ ಚಪ್ಪಲಿ, ಬೆರಳಿಗೆ ಸುತ್ತಿದ ಬಟ್ಟೆ. ತಿಂಗಳಲ್ಲಿ ಇಂತಿಷ್ಟೇ ದಿನ ಎಂದು ತಾವೇ ಮಿತಿ ಹಾಕಿಕೊಂಡಿದ್ದಾರೆ, ಪಾಚಿ ಬೆಳೆಯಲಿ ಎಂದು. ಪೆಸಿಫಿಕ್ ದ್ವೀಪಗಳಲ್ಲಿ ಬಹಳ ಕಡೆ ಕತೆ ಇಲ್ಲಿಯದ್ದೇ: ಇಳಿತದಲ್ಲಿ ದಿಬ್ಬದ ಮೇಲೆ ಚಿಪ್ಪು, ಆಕ್ಟೋಪಸ್ ಹೆಕ್ಕುವುದು ಹೆಂಗಸರು, ದಿಬ್ಬದಾಚೆ ಈಟಿ ಹಿಡಿದು ಹೋಗುವುದು ಗಂಡಸರು. ಹವಾಯಿಯ ಕಿಮಿ ವರ್ನರ್ 2008ರಲ್ಲಿ ಅಮೆರಿಕದ ರಾಷ್ಟ್ರೀಯ ಈಟಿಮೀನು ಸ್ಪರ್ಧೆ ಗೆದ್ದ ಮೇಲೆ ಅಲ್ಲಿ ಹುಡುಗಿಯರ ಕೈಗೆ ಈಟಿ ಬರುವುದು ಸುದ್ದಿಯಲ್ಲ. ಹವಾಯಿ ಮಕ್ಕಳ ಮೊದಲ ಈಟಿ ಮೂರು ಮುಳ್ಳಿನ ಕೋಲೇ, ಸೀದಾಗುರಿಯವರು ಗಮನಿಸಬೇಕು.

ಪಡುಗಡಲು:

ಹಿಡಿಯುವ ಮೀನಿನ ಬಗ್ಗೆ ಎರಡು ಸಾಲು. ಮುರು ಮೀನು (ಗ್ರೂಪರ್) ಮೊದಲು ಹೆಣ್ಣಾಗಿದ್ದು ದೊಡ್ಡದಾದ ಮೇಲೆ ಗಂಡಾಗುವ ಜಾತಿ. ದೊಡ್ಡದನ್ನೇ ಹುಡುಕಿ ಹೊಡೆದರೆ ಆ ಬಂಡೆಯಲ್ಲಿ ಗಂಡೇ ಉಳಿಯುವುದಿಲ್ಲ. ತೀರ ದೈತ್ಯ ಮುರು, ಕಡಲಕುದುರೆ, ಆಮೆ, ಹವಳ, ಕಡಲಸೌತೆ ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿರುವುದು, ಮುಟ್ಟಿದರೆ ಜೈಲು. ಕೇರಳದಲ್ಲಿ 58 ಜಾತಿಗಳಿಗೆ ಕನಿಷ್ಠ ಅಳತೆ ಉಂಟು, ಪಟ್ಟಿ ಮತ್ಸ್ಯಭವನದಲ್ಲಿ ಕೇಳಿ. ಈಟಿಯ ಬಗ್ಗೆ ಅವರ ಮಾತನ್ನೂ ಬರಹದಲ್ಲೇ ತೆಗೆದುಕೊಳ್ಳಿ. ಕೆಂಬೇರಿ, ಕೊಕ್ಕರ್ ಕಲಿಯುವವರಿಗೆ ಸಾಕು. ಹೊಡೆಯುವ ಮೊದಲೇ ಅಳತೆ ಅಂದಾಜಿಸಬೇಕು, ಬಲೆಯ ಹಾಗೆ ವಾಪಸ್ ಬಿಡಲಿಕ್ಕಾಗುವುದಿಲ್ಲ.

ತೊರಕೆ (ಸ್ಟಿಂಗ್‌ರೇ), ತೇಡೆ (ಬೆಕ್ಕುಮೀನು) ಮುಳ್ಳು ಚುಚ್ಚಿದರೆ ತಡೆಯುವಷ್ಟು ಬಿಸಿನೀರು, ಸುಮಾರು 45 ಡಿಗ್ರಿ, ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಮುಳುಗಿಸಿಡಿ. ವಿಷ ಶಾಖಕ್ಕೆ ಕೆಡ್ತದೆ. ಬಿಸಿಯನ್ನು ಗಾಯವಾಗದವಳ ಕೈಯಲ್ಲಿ ನೋಡಿ, ನೋವಿನಲ್ಲಿದ್ದವಳಿಗೆ ಸುಡುವುದು ತಿಳಿಯದು. ಮುಳ್ಳಿನ ಚೂರು ಒಳಗೇ ಉಳಿಯುವುದುಂಟು, ಹಾಗಾಗಿ ಆಮೇಲೆ ಆಸ್ಪತ್ರೆ. ಒಂದು ಥರ್ಮಾಸ್ ಬಿಸಿನೀರು ದಡದಲ್ಲಿ ಯಾವಾಗಲೂ ಇರಲಿ, ಚಹಾಕ್ಕೆ ಬೇರೆ.

ಕುದ್ರುಮನೆ:

ಕೊನೆಯದ್ದು. ಹತ್ತು ಸೆಟ್ ತೆಗೆಯುವಷ್ಟು ದುಡ್ಡು ಇಲ್ಲ. ಒಬ್ಬಳು ಕೆಳಗೆ ಒಬ್ಬಳು ಮೇಲೆ ಎಂದಮೇಲೆ ಐದು ಸೆಟ್ ಸಾಕಾ?

ಹೊಲಿಗೆಪೆಟ್ಟಿಗೆ:

ಲೆಕ್ಕ ಹಾಗೆ ಮಾಡಬೇಡಿ. ಮೇಲೆ ಕಾವಲು ಇದ್ದವಳಿಗೂ ಮಾಸ್ಕ್, ಫಿನ್ ಬೇಕೇ ಬೇಕು, ಇಲ್ಲದಿದ್ದರೆ ಅವಳು ನೋಡುವುದು ಹೇಗೆ, ಇಳಿದು ಎತ್ತುವುದು ಹೇಗೆ? ಮಾಸ್ಕ್ ಹತ್ತೂ ತೆಗೆಯಿರಿ, ಅದು ಮುಖಕ್ಕೆ ತಕ್ಕದ್ದು, ಹಂಚಲಿಕ್ಕೆ ಬಾರದು. ಫಿನ್ ನಾಲ್ಕು ಜೊತೆ, ಭಾರದ ಪಟ್ಟಿ ನಾಲ್ಕು, ತೇಲುಬುರುಡೆ ಎರಡು, ಈಟಿ ಎರಡು. ಒಮ್ಮೆಗೆ ಎರಡು ಜೋಡಿ ನೀರಿನಲ್ಲಿ, ಉಳಿದ ಆರು ಮಂದಿಯಲ್ಲಿ ಒಬ್ಬಳು ಹೊತ್ತು ಬರೆಯುವವಳು, ಒಬ್ಬಳು ಉದ್ದದ ಹಗ್ಗ ಹಿಡಿದು ದಡದಲ್ಲಿ. ಫಿನ್ ತೆಗೆಯುವಾಗ ಹತ್ತೂ ಮಂದಿಯ ಪಾದ ಕಾಗದದಲ್ಲಿ ಗೆರೆ ಎಳೆದುಕೊಂಡು ಹೋಗಿ. ಎರಡು ಜೊತೆ ಸಣ್ಣ ಸೈಜಿನದ್ದು, ಎರಡು ದೊಡ್ಡದು ಬಂದರೆ ಸಾಕ್ಸ್ ಹಾಕಿ ಎಲ್ಲರಿಗೂ ನಡೀತದೆ. ಬಳಸಿದ ಮೇಲೆ ಸಿಹಿನೀರಲ್ಲಿ ತೊಳೆದು ನೆರಳಲ್ಲಿ ಚಪ್ಪಟೆಯಾಗಿ ಇಡಿ, ಗೋಡೆಗೆ ಒರಗಿಸಿ ನಿಲ್ಲಿಸಿದರೆ ಬ್ಲೇಡ್ ಬಾಗಿಹೋಗ್ತದೆ. ಈಟಿಯ ರಬ್ಬರಿಗೆ ಬಿಸಿಲು ತಾಗಿಸಬೇಡಿ, ಸ್ವಲ್ಪ ಟಾಲ್ಕಂ ಪೌಡರ್ ಸವರಿಡಿ.